ಪೆಟ್ಟಿಗೆಯ ಕಾವು, ರೆಕ್ಕೆಯ ಕಾವು

ಮನೆಯಲ್ಲಿ ಇನ್‌ಕ್ಯುಬೇಟರ್ ಪೆಟ್ಟಿಗೆ ಇದೆ ಎಂದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ ಮಾತು: ಎಷ್ಟು ಮೊಟ್ಟೆ ಇಟ್ಟಿರಿ, ಎಷ್ಟು ಮರಿ ಆದವು? ಮಾರುವವರು ಈ ಲೆಕ್ಕ ತೋರಿಸಿಯೇ ಮಾರುತ್ತಾರೆ, ಕೊಂಡವರೂ ಇದೇ ಲೆಕ್ಕ ಹೇಳಿಕೊಳ್ಳುತ್ತಾರೆ. ಮೊದಲ ವರ್ಷ ನಾನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು ಇದನ್ನೇ. 30 ಮೊಟ್ಟೆ, 19 ಮರಿ. ಅದೇ ತಿಂಗಳು ಅವ್ವ ಕೊಟ್ಟಿಗೆಯ ಮೂಲೆಯಲ್ಲಿ ಮಂಕರಿಗೆ ಹುಲ್ಲು ಹಾಸಿ, ಕಪ್ಪು ಹೇಂಟೆಯನ್ನು 12 ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ದಳು. ಮರಿಯಾದದ್ದು 10. ಎರಡು ತಿಂಗಳಾದ ಮೇಲೆ ಎಣಿಸಿದಾಗ ನನ್ನ 19ರಲ್ಲಿ ಉಳಿದಿದ್ದದ್ದು 6, ಅವ್ವನ 10ರಲ್ಲಿ 8.

ಈ ಎರಡನೆಯ ಎಣಿಕೆಯನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಮರಿ ಮಾಡಿಸುವ ಈ ಹೊಸ ರೂಢಿಯನ್ನು ಅಳೆಯಬೇಕಾದದ್ದು ಅದರಿಂದಲೇ ಎಂದು ಐದಾರು ವರ್ಷದ ಅನುಭವದಿಂದ ನನಗೆ ಗಟ್ಟಿಯಾಗಿದೆ.

ಪೆಟ್ಟಿಗೆಯನ್ನು ಹಳಿಯಲು ನಾನು ಹೊರಟಿಲ್ಲ. ಅದು ಯಾಕೆ ಬೇಕು ಎನ್ನುವುದಕ್ಕೆ ಬಲವಾದ ಕಾರಣವಿದೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಬರುತ್ತದೆ. 21 ದಿನ ಕೂರುತ್ತದೆ, ಆಮೇಲೆ ಒಂದೂವರೆ ಎರಡು ತಿಂಗಳು ಮರಿಗಳನ್ನು ಮೇಯಿಸುತ್ತದೆ. ಅಷ್ಟೂ ದಿನ ಮೊಟ್ಟೆ ಇಲ್ಲ. ಮೊಟ್ಟೆಯನ್ನು ಪೆಟ್ಟಿಗೆಗೆ ಹಾಕಿ, ಹೇಂಟೆಯ ಕಾವು ಬಿಡಿಸಿದರೆ ಕೆಲವು ವಾರದಲ್ಲೇ ಅದು ಮತ್ತೆ ಮೊಟ್ಟೆಗೆ ಬರುತ್ತದೆ. ಇನ್ನು ಗಿರಿರಾಜದಂಥ ತಳಿ ಸಾಕಿದವರಿಗೆ ಬೇರೆ ದಾರಿಯೂ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆ ಕೋಳಿ ಹಿತ್ತಲಲ್ಲಿ ಚೆನ್ನಾಗಿ ಬೆಳೆಯುತ್ತದೆ, ಮೊಟ್ಟೆಯನ್ನೂ ಕೊಡುತ್ತದೆ, ಕಾವಿಗೆ ಮಾತ್ರ ಕೂರುವುದು ಅಪರೂಪ. ಮೊಟ್ಟೆ ಹೆಚ್ಚಬೇಕೆಂದು ತಳಿ ಆರಿಸುತ್ತ ಹೋದಂತೆ ಕೂರುವ ಗುಣ ಕಳಚಿಕೊಳ್ಳುತ್ತದೆ.

ಯಂತ್ರದ ಕೆಲಸ ಕೇಳಲು ಸರಳ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಶಾಖ, ಮೊದಲ 18 ದಿನ ಶೇಕಡಾ 50ರ ಆಸುಪಾಸಿನ ತೇವಾಂಶ, ಕೊನೆಯ ಮೂರು ದಿನ 65ರಿಂದ 70. ಹದಿನೆಂಟನೆಯ ದಿನದವರೆಗೆ ಮೊಟ್ಟೆಯನ್ನು ದಿನಕ್ಕೆ ಹಲವು ಸಲ ತಿರುಗಿಸಬೇಕು. ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಕೈಯಲ್ಲಿ ತಿರುಗಿಸುವವರು ಮೂರೋ ಐದೋ, ಬೆಸ ಸಂಖ್ಯೆ ಇಟ್ಟುಕೊಳ್ಳುತ್ತಾರೆ. ರಾತ್ರಿಯ ಉದ್ದನೆಯ ಹೊತ್ತು ಮೊಟ್ಟೆ ದಿನವೂ ಒಂದೇ ಮಗ್ಗುಲಲ್ಲಿ ಮಲಗದಿರಲಿ ಎಂದು. ಇಷ್ಟನ್ನು ಥರ್ಮಾಕೋಲ್ ಡಬ್ಬ, ಎರಡು ಬಲ್ಬು, ಕಂಪ್ಯೂಟರಿನ ಹಳೆಯ ಫ್ಯಾನ್, ಒಂದು ಅಗ್ಗದ ಥರ್ಮೋಸ್ಟಾಟ್ ಸೇರಿಸಿ ನಮ್ಮ ಹಳ್ಳಿಯ ಹುಡುಗರೇ ಮಾಡುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ನಿಜವಾದ ಗೌರವವಿದೆ.

ತೊಂದರೆ ಇರುವುದು ಅಂಕಿಯನ್ನು ನಂಬುವುದರಲ್ಲಿ. ಅಗ್ಗದ ಪರದೆಯ ಮೇಲೆ 37.5 ಎಂದು ಕಂಡರೆ ಒಳಗಿನ ಶಾಖ ಅಷ್ಟೇ ಇರಬೇಕೆಂದಿಲ್ಲ. ನನ್ನ ಮೊದಲ ಪೆಟ್ಟಿಗೆ ಒಂದು ಡಿಗ್ರಿ ಸುಳ್ಳು ಹೇಳುತ್ತಿತ್ತು. ಮರಿಗಳು ಇಪ್ಪತ್ತಮೂರನೆಯ ದಿನದವರೆಗೂ ಎಳೆದಾಡಿದಾಗಲೇ ಅನುಮಾನ ಬಂದದ್ದು. ಶಾಖ ಕಡಿಮೆಯಾದರೆ ಮರಿ ತಡವಾಗುತ್ತದೆ, ಸೊರಗುತ್ತದೆ. ಹೆಚ್ಚಾದರೆ ಬೇಗ ಹೊರಬರುತ್ತದೆ, ಹೊಕ್ಕುಳು ಮುಚ್ಚಿರುವುದಿಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಇಟ್ಟು ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ಕೋಳಿ ಮೊಟ್ಟೆಗೆ ಬೇಕಾದ ಶಾಖ ನಮ್ಮ ಮೈಶಾಖಕ್ಕೆ ಇಷ್ಟು ಹತ್ತಿರವಿರುವುದು ನಮ್ಮ ಪುಣ್ಯ. ಪೆಟ್ಟಿಗೆಯ ಜೊತೆ ಬರುವ ಯಾವ ಚೀಟಿಯಲ್ಲೂ ಈ ಉಪಾಯ ನನಗೆ ಕಂಡಿಲ್ಲ.

ಅಂಕಿಯೇ ಇಲ್ಲದೆ ಶಾಖ ಅಳೆದವರೂ ಇದ್ದರು. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿ ಮಾಡಿಸುತ್ತಿದ್ದರು. 18ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರೇಮೂರ್ ಅವುಗಳನ್ನು ಬಹಳವಾಗಿ ಮೆಚ್ಚಿ, ಆ ವಿದ್ಯೆಯನ್ನು ತನ್ನ ನಾಡಿನಲ್ಲಿ ಮಾಡಿ ನೋಡಿ, ಅದರ ಮೇಲೆ ಪುಸ್ತಕವನ್ನೇ ಬರೆದ. ಆ ಒಲೆಮನೆಗಳ ಕೆಲಸಗಾರರಿಗೆ ಥರ್ಮಾಮೀಟರ್ ಇರಲಿಲ್ಲ. ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿ ಹಿಡಿದು, ಬಿಸಿ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ನಾನೂ ಹಿಡಿದು ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಮೂರನೆಯ ಸಲ ಮೊಟ್ಟೆ ಇಡುವ ಹೊತ್ತಿಗೆ, ಬಿಸಿ ಏರಿದ ಮೊಟ್ಟೆ ಯಾವುದೆಂದು ರೆಪ್ಪೆ ಹೇಳತೊಡಗಿತು. ಕಾವಿಗೆ ಕೂತ ಹೇಂಟೆ ಎದೆಯ ಪುಕ್ಕ ಉದುರಿಸಿಕೊಂಡು ಬರಿಯ ಚರ್ಮವನ್ನೇ ಮೊಟ್ಟೆಗೆ ತಾಗಿಸುತ್ತದಲ್ಲ, ಅದೂ ಇದೇ ಬಗೆಯ ಅರಿವು.

ತೇವಾಂಶದ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಸಕಲೇಶಪುರದ ಜುಲೈಗೂ ರಾಯಚೂರಿನ ಏಪ್ರಿಲ್‌ಗೂ ಒಂದೇ ಸಲಹೆ: ತಟ್ಟೆಗೆ ನೀರು ಹಾಕಿ, ಬತ್ತದಂತೆ ನೋಡಿಕೊಳ್ಳಿ. ಮಳೆಗಾಲದ ಮಲೆನಾಡಿನಲ್ಲಿ ಹೀಗೆ ಮಾಡಿದರೆ ಮರಿಗಳು ಚಿಪ್ಪಿನೊಳಗೇ ಮುಳುಗುತ್ತವೆ. ಹದಿನೆಂಟು ದಿನದಲ್ಲಿ ಮೊಟ್ಟೆಯ ತೂಕ ಶೇಕಡಾ 12ರಷ್ಟು ಇಳಿಯಬೇಕು. ಆ ನೀರು ಆವಿಯಾಗಿ ಹೋದ ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯಲ್ಲಿ, ಗಾಳಿಯ ಕೋಣೆ ಹಿಗ್ಗುತ್ತದೆ. ಹೊರಬರುವ ಮೊದಲು ಮರಿ ಕೊಕ್ಕು ಚುಚ್ಚುವುದು ಆ ಕೋಣೆಗೆ. ಮೊದಲ ಉಸಿರು ಎಳೆಯುವುದು ಅಲ್ಲಿನ ಗಾಳಿಯನ್ನು. ಕೋಣೆ ಸಣ್ಣದಾದರೆ ಉಸಿರಿಗೆ ಜಾಗವಿಲ್ಲ. 40 ಗ್ರಾಂನ ನಾಟಿ ಮೊಟ್ಟೆ 35 ಗ್ರಾಂಗೆ ಬರಬೇಕು ಎಂದು ತಿಳಿದವರಿಗೆ ಒಂದು ಸಣ್ಣ ತಕ್ಕಡಿ ಸಾಕು. ನಾನು ಮಳೆಗಾಲದಲ್ಲಿ ಮೊದಲ ಹದಿನೆಂಟು ದಿನ ತಟ್ಟೆಗೆ ನೀರನ್ನೇ ಹಾಕುವುದಿಲ್ಲ. ಬೇಸಿಗೆಯಲ್ಲಿ ತಟ್ಟೆಯ ನೀರು ಸಾಲದೆ ಸ್ಪಂಜನ್ನೂ ನೆನೆಸಿಡುತ್ತೇನೆ. ಕತ್ತಲಲ್ಲಿ ಟಾರ್ಚ್ ಹಿಡಿದು ಏಳನೆಯ ದಿನ, ಹದಿನಾಲ್ಕನೆಯ ದಿನ, ಹದಿನೆಂಟನೆಯ ದಿನ ಗಾಳಿಕೋಣೆಯ ಅಂಚನ್ನು ಪೆನ್ಸಿಲಿನಿಂದ ಗುರುತು ಮಾಡುತ್ತೇನೆ. ಏಳನೆಯ ದಿನ ಕೆಂಪು ನರಗಳ ಜೇಡಬಲೆ ಕಾಣದ ಮೊಟ್ಟೆ ಗೊಡ್ಡು, ತೆಗೆದಿಡಬೇಕು. ಬಿಟ್ಟರೆ ಕೊಳೆತು, ಒಡೆದು, ಉಳಿದವನ್ನೂ ಕೆಡಿಸುತ್ತದೆ.

ಕರೆಂಟಿನ ಭಯ ಎಲ್ಲರಿಗೂ ಇದೆ. ಆ ಭಯ ಸ್ವಲ್ಪ ಹೆಚ್ಚೇ ಆಯಿತು ಎಂದು ನನ್ನ ಅನಿಸಿಕೆ. ಹೇಂಟೆಯೂ ದಿನಕ್ಕೊಮ್ಮೆ ಎದ್ದು, ಕಾಳು ತಿಂದು, ಹಿಕ್ಕೆ ಹಾಕಿ, ಧೂಳಿನಲ್ಲಿ ಹೊರಳಿ ಬರುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣ್ಣಗಿರುತ್ತದೆ. ಒಂದು ಗಂಟೆ ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ಸುಮ್ಮನಿದ್ದರೆ ಸಾಕು, ಗಾಳಿಯ ತೂತು ಮುಚ್ಚಬಾರದು ಅಷ್ಟೆ. ಭ್ರೂಣವನ್ನು ಬೇಗ ಕೊಲ್ಲುವುದು ತಂಪಲ್ಲ, ಬಿಸಿ. ಕಿಟಕಿಯ ಬಿಸಿಲು ಬೀಳುವಲ್ಲಿ ಪೆಟ್ಟಿಗೆ ಇಟ್ಟು ಇಡೀ ತಂಡವನ್ನೇ ಕಳೆದುಕೊಂಡ ಮನೆಯನ್ನು ನಾನು ನೋಡಿದ್ದೇನೆ.

ಪೆಟ್ಟಿಗೆಗೆ ಇಡುವ ಮೊದಲೇ ಎಷ್ಟೋ ಮೊಟ್ಟೆಗಳ ಹಣೆಬರಹ ಮುಗಿದಿರುತ್ತದೆ. ಅಂಗಡಿಯ ಬಿಳಿ ಮೊಟ್ಟೆ ತಂದಿಟ್ಟು ಮಕ್ಕಳೊಂದಿಗೆ ಮೂರು ವಾರ ಕಾದವರಿದ್ದಾರೆ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಮರಿ ಎಲ್ಲಿಂದ ಬರಬೇಕು? ನಾಟಿ ಮೊಟ್ಟೆಯಾದರೂ ವಾರಕ್ಕಿಂತ ಹಳೆಯದಾಗಿದ್ದರೆ ಮರಿಯ ಆಸೆ ದಿನದಿನಕ್ಕೆ ಇಳಿಯುತ್ತದೆ. ಕೊಳೆ ಹೋಗಲೆಂದು ತೊಳೆದರೆ ಚಿಪ್ಪಿನ ಮೇಲಿನ ಕಾಪಿನ ಪದರವೂ ಹೋಗಿ, ಸೂಕ್ಷ್ಮ ರಂಧ್ರಗಳಿಂದ ರೋಗಾಣು ಒಳಹೋಗುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯ ಸಂಕಟ ಇನ್ನೊಂದು ಬಗೆಯದು. 35 ಡಿಗ್ರಿಯ ಕೋಣೆಯಲ್ಲಿ ಬುಟ್ಟಿಯೊಳಗೆ ಕೂಡಿಟ್ಟ ಮೊಟ್ಟೆಯಲ್ಲಿ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ, ಕಾವು ಸಾಲದೆ ಮೊದಲ ದಿನಗಳಲ್ಲೇ ಸಾಯುತ್ತದೆ. ಆಮೇಲೆ ಬೈಗುಳ ತಿನ್ನುವುದು ಪೆಟ್ಟಿಗೆ. ಅವ್ವ ಮೊಟ್ಟೆಗಳನ್ನು ಅಟ್ಟದ ಕೆಳಗಿನ ತಂಪು ಮೂಲೆಯಲ್ಲಿ, ಮರಳು ತುಂಬಿದ ಮಡಕೆಯಲ್ಲಿ, ದಪ್ಪ ತುದಿ ಮೇಲೆ ಮಾಡಿ ಇಡುತ್ತಿದ್ದಳು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಹಾಗೇ ಇಡಬೇಕು ಎನ್ನುತ್ತಿದ್ದಳು. ಗುಡುಗಿನ ದಿನ ಕಾವಿನ ಮಂಕರಿಗೆ ಕಬ್ಬಿಣದ ಚೂರು, ಇದ್ದಿಲು ಹಾಕುವುದೂ ಅವಳ ಪದ್ಧತಿ. ಅದರಿಂದ ಏನಾಗುತ್ತದೆಂದು ನಾನು ನಂಬುವುದಿಲ್ಲ. ಆದರೆ ಮಡಕೆಯ ಮರಳನ್ನು ಅದರ ಜೊತೆಗೆ ಕಸಕ್ಕೆ ಎಸೆದದ್ದು ನಮ್ಮ ತಲೆಮಾರಿನ ತಪ್ಪು.

ಇಪ್ಪತ್ತನೆಯ ದಿನ ಮೊಟ್ಟೆಯೊಳಗಿಂದ ಕೇಳುವ ಚೀಂವ್‌ಗುಟ್ಟುವಿಕೆಗೆ ಸಮನಾದದ್ದು ಈ ಕೆಲಸದಲ್ಲಿ ಬೇರೆ ಇಲ್ಲ. ಚಿಪ್ಪಿನ ಮೇಲೆ ನಕ್ಷತ್ರದ ಹಾಗೆ ಒಂದು ಬಿರುಕು, ಅದರ ಹಿಂದೆ ಅಲುಗುವ ಕೊಕ್ಕಿನ ಮೊನೆ. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಈ ಸುಮ್ಮನಿರುವ ಹೊತ್ತು ನಮಗೆ ತಡೆಯಲಾಗದು. ಮುಚ್ಚಳ ತೆಗೆದು ಉಗುರಿನಿಂದ ಚಿಪ್ಪು ಬಿಡಿಸಲು ಕೈ ತವಕಿಸುತ್ತದೆ. ಮೊದಲ ಸಲ ನಾನು ಹಾಗೆ ಬಿಡಿಸಿದ ಮರಿ ರಕ್ತ ಸುರಿಸಿ ನನ್ನ ಅಂಗೈಯಲ್ಲೇ ಹೋಯಿತು. ಆ ಸುಮ್ಮನಿರುವ ಹೊತ್ತಿನಲ್ಲಿ ಮರಿ ಒಳಪೊರೆಯ ನರಗಳಲ್ಲಿದ್ದ ರಕ್ತವನ್ನು ತನ್ನ ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಆ ಹಳದಿಯೇ ಹುಟ್ಟಿದ ಮೇಲೆ ಎರಡು ಮೂರು ದಿನದ ಬುತ್ತಿ. ದಿನದ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದೂ ಅದರಿಂದಲೇ. ಮುಚ್ಚಳ ತೆಗೆದಾಗ ತೇವ ಹಾರಿಹೋಗಿ ಪೊರೆ ಒಣಗುತ್ತದೆ, ಪಕ್ಕದ ಮೊಟ್ಟೆಯ ಮರಿಯನ್ನು ಬಟ್ಟೆಯ ಹಾಗೆ ಬಿಗಿದುಬಿಡುತ್ತದೆ. ಒಂದಕ್ಕೆ ಸಹಾಯ ಮಾಡಲು ಹೋಗಿ ನಾಲ್ಕನ್ನು ಕಳೆದುಕೊಳ್ಳುವುದು ಹೀಗೆ. ಇದನ್ನು ಬರೆಯುವಾಗಲೂ ಆ ಅಂಗೈ ನೆನಪಿಗೆ ಬರುತ್ತದೆ.

ಇಷ್ಟನ್ನು ಕಲಿತ ಮೇಲೆ ನನ್ನ ಲೆಕ್ಕ 30ಕ್ಕೆ 23, 24ಕ್ಕೆ ಏರಿತು. ಎರಡು ತಿಂಗಳ ಲೆಕ್ಕ ಮಾತ್ರ ಏರಲಿಲ್ಲ. ಪೆಟ್ಟಿಗೆಯ ಕೊರತೆ ಇರುವುದು ಅದರ ಒಳಗಲ್ಲ, ಅದರ ಹೊರಗೆ.

ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಬರಬೇಕು. ಪೆಟ್ಟಿಗೆಗೆ ಕೆಲವು ಸಾವಿರ ಸುರಿಯುವವರು ಬ್ರೂಡರ್ ಎಂದರೆ ರಟ್ಟಿನ ಡಬ್ಬಕ್ಕೊಂದು ಬಲ್ಬು ಎಂದುಕೊಳ್ಳುತ್ತಾರೆ. ನಾನು ಹಳೆಯ ಪೇಪರು ಹಾಸಿದ್ದೆ. ಜಾರುವ ಪೇಪರಿನ ಮೇಲೆ ಎಳೆಯ ಕಾಲುಗಳು ಎರಡು ಬದಿಗೆ ಸರಿದು ಮೂರು ಮರಿ ಏಳದಾದವು. ಭತ್ತದ ಹೊಟ್ಟು ಹಾಸಿದ್ದರೆ ಹಾಗಾಗುತ್ತಿರಲಿಲ್ಲ. ಒಂದು ರಾತ್ರಿ ಮರಿಗಳ ಕೂಗು ನನಗೆ ಸಂಭ್ರಮವಾಗಿ ಕೇಳಿದರೆ, ಅವ್ವ ಮಲಗಿದಲ್ಲಿಂದಲೇ, “ಚಳಿಗೆ ಅಳ್ತಾ ಅವೆ ಕಣಪ್ಪ, ಬಲ್ಬು ಕೆಳಕ್ಕಿಳಿಸು” ಅಂದಳು. ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು.

ಲಸಿಕೆಯದು ಇನ್ನೊಂದು ಕಥೆ. ಹ್ಯಾಚರಿಯಲ್ಲಿ ಮರಿಗೆ ಹುಟ್ಟಿದ ದಿನವೇ ಮಾರೆಕ್ಸ್ ರೋಗದ ಲಸಿಕೆ ಬೀಳುತ್ತದೆ, ವಾರದೊಳಗೆ ರಾಣಿಖೇತ್‌ನದು ಕಣ್ಣಿಗೆ ಹನಿಯಾಗಿ. ಹಳ್ಳಿಯ ಕೋಳಿಯನ್ನು ಊರಿಗೂರೇ ಗುಡಿಸಿ ಹಾಕುವುದು ಈ ರಾಣಿಖೇತ್. ಲಸಿಕೆಯ ಬಾಟಲಿ ಬರುವುದು ನೂರಾರು ಕೋಳಿಗಾಗುವಷ್ಟು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಇಪ್ಪತ್ತು ಮರಿಯ ಮನೆಯವರು ಅದಕ್ಕೇ ಕೈಬಿಡುತ್ತಾರೆ. ಬೀದಿಯ ನಾಲ್ಕಾರು ಮನೆಯವರು ಮೊದಲೇ ಮಾತಾಡಿಕೊಂಡು ಒಂದೇ ವಾರದಲ್ಲಿ ಮರಿ ಮಾಡಿಸಿದರೆ ಒಂದು ಬಾಟಲಿ ಎಲ್ಲರಿಗೂ ಆಗುತ್ತದೆ. ನಮ್ಮ ಬೀದಿಯಲ್ಲಿ ಇದನ್ನು ಮಾಡಲು ಮೂರು ವರ್ಷ ಹಿಡಿಯಿತು.

ಆದರೆ ನನ್ನ ಮರಿಗಳನ್ನು ಹೆಚ್ಚು ತಿಂದದ್ದು ರೋಗವಲ್ಲ, ಗಿಡುಗ. ಐದನೆಯ ವಾರ ಅಂಗಳಕ್ಕೆ ಬಿಟ್ಟೆ. ಆಕಾಶದಲ್ಲಿ ನೆರಳು ಸುಳಿದಾಗ ಅವ್ವನ ಹೇಂಟೆ ಗಂಟಲಲ್ಲಿ ಒಂದು ಸದ್ದು ಮಾಡಿತು, ಅದರ ಮರಿಗಳು ಕಣ್ಣು ಮಿಟುಕಿಸುವುದರೊಳಗೆ ಬೇಲಿಯ ಬುಡ ಸೇರಿದವು. ನನ್ನವು ಬಯಲಲ್ಲೇ ನಿಂತಿದ್ದವು. ಆ ಸದ್ದಿನ ಅರ್ಥ ಅವುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಂಟೆ ತಿಪ್ಪೆ ಕೆದಕಿ, ಗೆದ್ದಲು ಕಂಡೊಡನೆ ಕುಕ್ ಕುಕ್ ಎಂದು ಕರೆದು, ಕೊಕ್ಕಿನಲ್ಲಿ ಎತ್ತಿ ಹಾಕಿ ತೋರಿಸುತ್ತದೆ. ನನ್ನ ಮರಿಗಳು ಫೀಡಿನ ತಟ್ಟೆಯ ಸುತ್ತಲೇ ಸುತ್ತುತ್ತಿದ್ದವು, ನನ್ನ ಕಾಲ ಸದ್ದು ಕೇಳಿದರೆ ಓಡಿ ಬರುತ್ತಿದ್ದವು. ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುವ ಈ ಗುಣವನ್ನು ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಇನ್‌ಕ್ಯುಬೇಟರಿನಲ್ಲಿ ಹುಟ್ಟಿದ ಹೆಬ್ಬಾತಿನ ಮರಿಗಳಲ್ಲಿ ತೋರಿಸಿಕೊಟ್ಟಿದ್ದ. ನನ್ನ ಹಿಂದೆ ಮರಿಗಳು ಬರುವುದನ್ನು ಕಂಡು ಮಕ್ಕಳು ಕುಣಿದಾಡಿದರು. ನನಗೆ ಮಾತ್ರ, ಗಿಡುಗ ಬಂದಾಗ ಈ ತಾಯಿಯ ಬಾಯಲ್ಲಿ ಆ ಸದ್ದು ಇಲ್ಲವಲ್ಲ ಎಂಬ ಚಿಂತೆ ಹತ್ತಿತು.

ಹಾಗೆಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಈಗ ಕಪ್ಪು ಹೇಂಟೆ ಕಾವಿಗೆ ಕೂತ ದಿನವೇ ಪೆಟ್ಟಿಗೆಗೂ ಮೊಟ್ಟೆ ಇಡುತ್ತೇನೆ. ಹೇಂಟೆಯ ಕೆಳಗೆ ನಾಲ್ಕೋ ಐದೋ, ಪೆಟ್ಟಿಗೆಯಲ್ಲಿ ಹದಿನಾಲ್ಕು. ಇಪ್ಪತ್ತೊಂದನೆಯ ದಿನ ಎರಡೂ ಕಡೆ ಮರಿಯಾಗುತ್ತವೆ. ಆ ರಾತ್ರಿ ದೀಪ ಹಚ್ಚದೆ, ಪೆಟ್ಟಿಗೆಯ ಮರಿಗಳನ್ನು ಒಂದೊಂದಾಗಿ ಹೇಂಟೆಯ ರೆಕ್ಕೆಯ ಕೆಳಗೆ ತಳ್ಳಬೇಕು. ಮಾರನೆಯ ದಿನಕ್ಕೆ ಬಿಟ್ಟರೆ ಆಗದು. ಎರಡು ದಿನ ದಾಟಿದ ಮರಿಯನ್ನು ಅದು ಕುಕ್ಕಿ ಓಡಿಸಿದ್ದನ್ನು ನೋಡಿದ್ದೇನೆ. ಕತ್ತಲಲ್ಲಿ ಹೇಂಟೆ ಒಂದು ಸಲ ಮೈ ಉಬ್ಬಿಸುತ್ತದೆ, ಹೊಟ್ಟೆ ಸ್ವಲ್ಪ ಎತ್ತಿ ಜಾಗ ಮಾಡಿಕೊಡುತ್ತದೆ. ಹೋದ ಮಾಗಿಯಲ್ಲಿ ಹೀಗೆ ಎರಡೂ ಕಡೆಯವು ಸೇರಿ ಹದಿನಾರು ಮರಿಯಾದವು. ಬೆಳಿಗ್ಗೆ ಅವ್ವ ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನುಚ್ಚು ಹಾಕುತ್ತ ಎಣಿಸಿದಳು. ಎರಡು ತಿಂಗಳಾದ ಮೇಲೂ ಅವಳೇ ಎಣಿಸಿದಳು. ಹದಿಮೂರು.