ಕಾವ್ಯದ ವರದೆ, ಶಾಸನದ ನೀರು

ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ವರದೆ ಚಿಕ್ಕ ನದಿ. ಮಳೆಗಾಲದಲ್ಲಿ ದಡ ಮೀರಿ ಗದ್ದೆಗಳನ್ನು ಮುಳುಗಿಸುವ ಈ ಹೊಳೆ ಬೇಸಗೆಯಲ್ಲಿ ಸೊರಗುತ್ತದೆ. ಅದರ ಸೀಮೆಗೆ ನಮ್ಮ ಸಾಹಿತ್ಯದಲ್ಲಿ ದೊರೆತ ಸ್ಥಾನ ಮಾತ್ರ ದೊಡ್ಡದು. ಪಂಪನ (941) ಬನವಾಸಿ ವರ್ಣನೆಯನ್ನು ಪರಿಸರಪ್ರಜ್ಞೆಯ ದಾಖಲೆಯೆಂದೇ ಓದುವ ಪರಿಪಾಠವೊಂದು ಈಚೆಗೆ ಕಾಣುತ್ತದೆ. ಇದನ್ನು ಒಪ್ಪುವುದು ಕಷ್ಟ. ಮಾವು, ಮಲ್ಲಿಗೆ, ಕೋಗಿಲೆಗಳ ಆ ಪದ್ಯಗಳ ಬಲವಿರುವುದು ಹಂಬಲದಲ್ಲಿ. ನೀರನ್ನು ಯಾರು ಕಟ್ಟಿದರು, ಯಾರ ಗದ್ದೆಗೆ ಹರಿಸಿದರು ಎಂದು ಅವುಗಳನ್ನು ಕೇಳುವುದು ಕವಿಗೇ ಅನ್ಯಾಯ.

ಕಾರಣ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಮಹಾಕಾವ್ಯಕ್ಕೆ ದಂಡಿ ಹೇಳುವ ವರ್ಣನೆಗಳಲ್ಲಿ ಸಮುದ್ರವುಂಟು, ಪರ್ವತವುಂಟು, ಜಲಕ್ರೀಡೆಯುಂಟು. ನದಿಗೆ ಪ್ರತ್ಯೇಕ ಸ್ಥಾನವಿಲ್ಲ, ಕೃಷಿಗಂತೂ ಇಲ್ಲವೇ ಇಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಗೆ ವರದೆ ಬನವಾಸಿಯ ನಡುಪಟ್ಟಿ, ಹಂಸಗಳ ಸಾಲು ಅದರ ಅಲಂಕಾರ. ಪುಲಕೇಶಿಯ ಸೇನಾಸಮುದ್ರ ಸುತ್ತುವರಿದಾಗ ನೆಲದ ಕೋಟೆಯೇ ಜಲದುರ್ಗದಂತೆ ತೋರಿತಂತೆ. ಹಂಸ ಕವಿಸಮಯವೆಂಬುದು ನಿಜ. ಆದರೆ ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಇಂದಿಗೂ ಗೂಡು ಕಟ್ಟುವ ನೀರುಹಕ್ಕಿಗಳನ್ನು ಕಂಡವರು ರವಿಕೀರ್ತಿಯನ್ನು ಪೂರ್ತಿ ತಳ್ಳಿಹಾಕಲಾರರು.

ಇದೇ ಕದಂಬನಾಡಿನ ತಾಳಗುಂದದ ಸ್ತಂಭಶಾಸನ ಬೇರೆಯೇ ಮಾತನಾಡುತ್ತದೆ. ಅದರ ಕವಿ ಕುಬ್ಜನೂ ಸಂಸ್ಕೃತ ಪಂಡಿತನೇ, ಅಲಂಕಾರಪ್ರಿಯನೇ. ಆದರೂ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಪ್ರಸ್ತಾಪ ಬಂದಾಗ, ಅದು ಹೇರಳವಾಗಿ ನೀರು ಸಂಗ್ರಹಿಸುವುದಕ್ಕಾಗಿ ಎಂದು ಉದ್ದೇಶವನ್ನು ನೇರವಾಗಿ ಹೇಳುತ್ತಾನೆ. ಇನ್ನು ಕನ್ನಡ ಶಾಸನಗಳಿಗೆ ಬಂದರೆ ತೂಬು, ಕೋಡಿ, ಏರಿ, ಕೆರೆಗಾಗಿ ಬಿಟ್ಟ ಬಿತ್ತುವಟ್ಟ: ಇದೊಂದು ಪೂರ್ಣ ಶಬ್ದಕೋಶ. ಚಿಕ್ಕ ನದಿ ಬದುಕುವುದು ತನ್ನ ಪಾತ್ರದಲ್ಲಿ ಮಾತ್ರವಲ್ಲ. ಮಳೆನೀರನ್ನು ತಡೆದು, ಇಂಗಿಸಿ, ಮಿಕ್ಕದ್ದನ್ನು ಹಳ್ಳಕ್ಕೆ ಬಿಡುವ ಕೆರೆಗಳ ಸಾಲಿನಲ್ಲಿಯೂ. ಈ ತಿಳಿವಳಿಕೆ ನಮ್ಮ ಚಂಪೂಕಾವ್ಯಗಳಿಗಿಂತ ದಾನಶಾಸನಗಳಲ್ಲಿ ಸ್ಫುಟವಾಗಿದೆ. ಅವನ್ನು ಸಾಹಿತ್ಯ ವಿಭಾಗಗಳು ಇತಿಹಾಸದವರಿಗೆ ಬಿಟ್ಟುಕೊಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆ ಹಲವು ವರ್ಷಗಳಿಂದ ಚರ್ಚೆಯಲ್ಲಿದ್ದು, ಘಟ್ಟದ ಕಾಡನ್ನು ಕುರಿತು ತೀವ್ರ ವಿರೋಧವನ್ನು ಎದುರಿಸಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಯೋಜನೆಯ ಭಾಷೆಯಲ್ಲಿ ವರದೆ ನೀರು ಸಾಗಿಸುವ ಕಾಲುವೆ. ಅಂದು ನಡುಪಟ್ಟಿಯಾಗಿದ್ದದ್ದು ಇಂದು ಕೊಳವೆಯಾಗಿದೆ. ಎರಡರಲ್ಲಿಯೂ ಅದರ ಕೆರೆಗಳು ಕಾಣುವುದಿಲ್ಲ.

ಕರ್ನಾಟಕದಿಂದ ದೂರವಿದ್ದು ಕನ್ನಡ ಓದುವ ನಮ್ಮ ವಿದ್ಯಾರ್ಥಿಗಳಿಗೆ ವರದೆ ಬಹುಮಟ್ಟಿಗೆ ಪಠ್ಯದ ನದಿ. ಅವರ ಕೈಗೆ ಪಂಪನ ಜೊತೆಗೆ ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟವನ್ನೂ ಕೊಡಬೇಕು. ಸೊರಬ, ಸಾಗರ ತಾಲ್ಲೂಕುಗಳ ಆ ಶಾಸನಗಳಲ್ಲಿ ಹೆಸರಿಸಿರುವ ಕೆರೆಗಳನ್ನು ಇಂದಿನ ಭೂಪಟದ ಮೇಲೆ ಗುರುತಿಸುವುದರಿಂದ ಅವರ ಕೆಲಸ ಆರಂಭವಾಗಲಿ.