ಗ್ರಂಥಸೂಚಿಯೂ ಭಂಡಾರದ ಪಾಲನೆಯೂ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಯ ಭಂಡಾರಗಳ ಸಂಪತ್ತನ್ನು ಉತ್ತರದ ವಿದ್ವಾಂಸರ ಮುಂದಿರಿಸಿದ ಈ ಕೃತಿಯ ಉಪಕಾರವು ವಿದ್ವದ್ವಲಯಕ್ಕೆ ವಿದಿತವೇ ಆಗಿದೆ. ಆದರೆ ಅದರ ಭಾಷೆ ಹಿಂದಿ, ಲಿಪಿ ನಾಗರಿ. ದೂರದ ಓದುಗನಿಗೆ ತೆರೆದ ಬಾಗಿಲು ಓಲೆಕಟ್ಟುಗಳನ್ನು ಕಾಯುತ್ತ ಬಂದ ಕನ್ನಡದ ಮನೆಯವರಿಗೆ ಅಷ್ಟಾಗಿ ತೆರೆಯಲಿಲ್ಲ.

ಸೂಚಿಯು ಗ್ರಂಥವನ್ನು ಕಂಡ ದಿನದ ಸಾಕ್ಷಿ. ಮರುವರ್ಷದ ಮಳೆಗೆ ಅದು ಹೊಣೆಯಲ್ಲ. ಘಟ್ಟದ ಮೇಲೆ, ಕೊಪ್ಪ ತಾಲೂಕಿನ ಕಮ್ಮರಡಿಯಿಂದ ಶೃಂಗೇರಿ, ನರಸಿಂಹರಾಜಪುರದ ಸಿಂಹನಗದ್ದೆಗಳವರೆಗಿನ ಸೀಮೆಯಲ್ಲಿ ಆಷಾಢ-ಶ್ರಾವಣಗಳಲ್ಲಿ ಗೋಡೆಯೇ ಬೆವರುತ್ತದೆ. ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ಶ್ರುತಪಂಚಮಿ ಜ್ಯೇಷ್ಠ ಶುಕ್ಲ ಪಂಚಮಿಯಂದು, ಅಂದರೆ ಮುಂಗಾರಿನ ಹೊಸ್ತಿಲಿನಲ್ಲೇ ಬರುತ್ತದೆ. ಆ ದಿನ ಬಿಚ್ಚಿದ ಓಲೆಯು ತೇವವನ್ನು ಹೀರಿಕೊಂಡು ಮತ್ತೆ ಕಟ್ಟಿನೊಳಗೆ ಸೇರಿದರೆ ಬೂಷ್ಟಿಗೆ ಬೇರೆ ಆಹ್ವಾನ ಬೇಡ. ಮಲೆನಾಡಿನಲ್ಲಿ ಬಿಚ್ಚಿ ನೆರಳಿನಲ್ಲಿ ಗಾಳಿಗಿಡುವ ಕೆಲಸವನ್ನು ಮಾಘ-ಫಾಲ್ಗುಣಗಳಲ್ಲೇ ಮುಗಿಸಿ, ಪಂಚಮಿಯಂದು ಕಟ್ಟಿದ ಗ್ರಂಥಕ್ಕೇ ಅರ್ಚನೆ ಸಲ್ಲಿಸುವುದು ಯುಕ್ತ. ಇದರಿಂದ ಶ್ರುತಭಕ್ತಿಗೆ ಲೋಪವುಂಟೆಂದು ಪಂಡಿತರು ಹೇಳಲಾರರು.

ಉಪಚಾರದಲ್ಲಿಯೂ ವಿವೇಚನೆ ಬೇಕು. ಕಂಠದಿಂದ ಕೊರೆದ ಓಲೆಗೆ ಕಾಡಿಗೆ ತೀಡಿ ಎಣ್ಣೆ ಸವರುವ ರೂಢಿ ಹಳೆಯದು. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಹನ್ನೆರಡನೆಯ ಶತಮಾನದ ಪ್ರತಿಗಳಾದರೋ ಮಸಿಯಿಂದ ಬರೆದವು. ಕೆಲವು ಪತ್ರಗಳಲ್ಲಿ ವರ್ಣಚಿತ್ರಗಳೂ ಇವೆ. ಅಲ್ಲಿ ಎಣ್ಣೆಯ ಕೈ ಉಪಚಾರವಲ್ಲ, ಅಪಚಾರ. ಈ ಭೇದವನ್ನು ಅರಿತು ಕೈ ಹಿಂತೆಗೆದವರ ಹೆಸರು ಯಾವ ಪ್ರಶಸ್ತಿಯಲ್ಲಿಯೂ ಇಲ್ಲ. ಬರೆಯಿಸಿ ದಾನವಿತ್ತವರ ಹೆಸರುಗಳು ಮಾತ್ರ ಇವೆ.

ಮೂಲವನ್ನು ಮುಟ್ಟಗೊಡದಿರುವುದೇ ರಕ್ಷಣೆಯೆಂಬ ವಾದವೂ ಅರ್ಧಸತ್ಯ. ಧವಲಾ ಟೀಕೆಯು ಬಹುಕಾಲ ಯಾತ್ರಿಕರ ದರ್ಶನಕ್ಕಷ್ಟೇ ದೊರೆಯುತ್ತಿತ್ತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಅದು 16 ಸಂಪುಟಗಳಾಗಿ ಅಚ್ಚಾದ ಮೇಲೆ, ಅಧ್ಯಯನಕ್ಕಾಗಿ ಓಲೆಯನ್ನು ತಿರುವುವ ಅಗತ್ಯವೇ ಬಹಳಷ್ಟು ತಗ್ಗಿತು. ತೆರೆದುದರಿಂದಲೇ ಮೂಲವು ಉಳಿಯಿತು. ದರ್ಶನಕ್ಕೆ ಬಂದ ಗೃಹಸ್ಥನಿಗೆ, ಪಾಠಾಂತರ ನೋಡಬಂದ ಸಂಶೋಧಕನಿಗೆ, ಹಳೆಯ ಲಿಪಿಯನ್ನು ಮೊದಲ ಬಾರಿ ಕಾಣುವ ವಿದ್ಯಾರ್ಥಿಗೆ ಬೇಕಾದುದು ಒಂದೇ ಅಲ್ಲ. ಮೂವರಿಗೂ ಅದೇ ಓಲೆಯನ್ನು ಬಿಚ್ಚಬೇಕಾಗಿಯೂ ಇಲ್ಲ.

ಮುಂದೆ ಮಲೆನಾಡಿನ ಮನೆಗಳ ಸೂಚಿಯನ್ನು ಸಿದ್ಧಪಡಿಸುವವರು ಪ್ರತಿ ಕಟ್ಟಿನೊಂದಿಗೆ ಕನ್ನಡದ ಒಂದು ಚೀಟಿಯನ್ನು ಇರಿಸಿ ಬರಬೇಕು: ಗ್ರಂಥದ ಹೆಸರು, ಓಲೆಗಳ ಸಂಖ್ಯೆ, ಕೊರೆದುದೋ ಮಸಿಯದೋ, ಕೊನೆಯ ಬಾರಿ ಬಿಚ್ಚಿದ ಮಾಸ, ಬಿಚ್ಚಿದವರ ಹೆಸರು.