ಅರಳೆಯ ಲೆಕ್ಕ, ತೆರಿಗೆಯ ಪಾಠ

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಯಾವುದು ಕೃಷಿ ಆದಾಯ ಎಂದು ಬಿಡಿಸಿ ಹೇಳುವುದರಲ್ಲೇ ತೆರಿಗೆ ಕಾನೂನು ಪ್ರಾಧ್ಯಾಪಕರ ಕಸುಬು ಇದೆ. ಯಾದಗಿರಿ, ಶಹಾಪುರ, ಸುರಪುರದ ಹತ್ತಿ-ತೊಗರಿ ಹೊಲಗಳು ಕಣ್ಮುಂದಿದ್ದರೆ ಉದಾಹರಣೆಗೆ ಬೇರೆ ಊರು ಬೇಕಿಲ್ಲ. ರಾಶಿ ಮಾಡಿ, ತೂರಿ, ಚೀಲ ತುಂಬಿ ಮಾರಿದ ತೊಗರಿಯ ಹಣ ಪೂರ್ತಿ ಕೃಷಿಯದು. ಫಸಲನ್ನು ಪೇಟೆಗೆ ಒಯ್ಯುವಂತೆ ಮಾಡಲು ರೈತ ಸಾಮಾನ್ಯವಾಗಿ ಮಾಡುವ ಕೆಲಸವನ್ನು ಕಾನೂನು ಒಪ್ಪುತ್ತದೆ. ಅದೇ ರೈತ ಹತ್ತಿಯನ್ನು ಜಿನ್ನಿಂಗ್ ಮಿಲ್ಲಿನಲ್ಲಿ ಬಿಡಿಸಿ ಅರಳೆ ಮಾರಿದರೆ? ಬೀಜದ ಹತ್ತಿಗೇ ಪೇಟೆ ಇರುವುದರಿಂದ, ಮಿಲ್ಲು ಕೂಡಿಸಿದ ಲಾಭ ವ್ಯಾಪಾರದ ಲೆಕ್ಕಕ್ಕೆ ಬೀಳುತ್ತದೆ. ಒಂದೇ ಚೀಲ, ಎರಡು ಖಾತೆ. ಈ ಗೆರೆಯನ್ನು ಕಾಣಿಸಿಕೊಟ್ಟ ಪಾಠ ಕಲಂ ಸಂಖ್ಯೆ ಮರೆತರೂ ಉಳಿಯುತ್ತದೆ. ಸಂಖ್ಯೆಗಳಾದರೂ ಬದಲಾಗಿವೆ: 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ.

ಪ್ರಾಧ್ಯಾಪಕರ ಈ ಕಸುಬಿಗೆ ದಾರಿ ಉದ್ದ. ಎಲ್‌ಎಲ್‌ಬಿ ಮುಗಿದ ಮೇಲೆ ಎಲ್‌ಎಲ್‌ಎಂ. ಅದರಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಪಿಎಚ್‌ಡಿ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಎಲ್‌ಎಲ್‌ಎಂಗೆ ಕ್ಲ್ಯಾಟ್ ಸ್ನಾತಕೋತ್ತರ ಪರೀಕ್ಷೆ ಬರೆಯಬೇಕು: 2 ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಯಾದಗಿರಿ ಜಿಲ್ಲೆಯವರಿಗೆ ಇನ್ನೊಂದು ಬಾಗಿಲಿದೆ. ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಬಂದ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು.